ವಳಿವಡೆಯ ಮಕ್ಕಳು, ನಮ್ಮ ಚಿಕ್ಕಜ್ಜಿ

ಕೊಲ್ಲಾಪುರದ ಹತ್ತಿರ ಗಾಂಧಿನಗರ ಅಂತ ಒಂದು ಊರಿದೆ. ಹೋಲ್‌ಸೇಲ್ ಬಟ್ಟೆ ಪೇಟೆ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಸೋದರಮಾವನಿಗೆ ದೀಪಾವಳಿ, ಯುಗಾದಿ ಹತ್ತಿರ ಬಂತೆಂದರೆ ಆ ಊರಿನದೇ ಧ್ಯಾನ. ಆನೆಕೊಂಡದಿಂದ ಹೊರಟು ಹರಿಹರದ ತುಂಗಭದ್ರಾ ಸೇತುವೆ ದಾಟಿ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ... ಸುಮಾರು 350 ಕಿಲೋಮೀಟರ್, ಹೆಚ್ಚುಕಡಿಮೆ ಒಂದೇ ರಸ್ತೆ. ಅಲ್ಲಿಯ ವ್ಯಾಪಾರಿಗಳಲ್ಲಿ ಬಹಳ ಜನ ಸಿಂಧಿಗಳು. ದೇಶ ವಿಭಜನೆಯಾದಾಗ ಮನೆಮಠ ಬಿಟ್ಟು ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಇಷ್ಟು ಮಾವನಿಗೂ ಗೊತ್ತು.

ಆದರೆ ಸಿಂಧಿಗಳು ಬರುವುದಕ್ಕಿಂತ ಮುಂಚೆ ಅದೇ ಜಾಗದಲ್ಲಿ ಇನ್ನೊಂದು ಊರಿತ್ತು. ಅಲ್ಲಿ ಐದು ಸಾವಿರ ಪೋಲಿಷ್ ಜನ ಇದ್ದರು ಅಂದಾಗ ಮಾವ ನನ್ನ ಮುಖವನ್ನೇ ನೋಡಿದ. "ಪೋಲೆಂಡ್‌ನೋರಾ? ಕೊಲ್ಲಾಪುರದಾಗಾ?"

ಹೌದು, ಕೊಲ್ಲಾಪುರದಲ್ಲೇ. ವಳಿವಡೆ ಅನ್ನುವ ಹಳ್ಳಿಯ ಪಕ್ಕ, 1943ರಿಂದ 1948ರವರೆಗೆ. ಬಹುಪಾಲು ಹೆಂಗಸರು ಮತ್ತು ಮಕ್ಕಳು.

ಈ ಕಥೆಯ ಹಿಂದೆ ಬಿದ್ದು ಬಹಳ ದಿನಗಳಾದವು. ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದಂತೆ ಅದು ನನ್ನನ್ನು ಎಲ್ಲೆಲ್ಲೋ ಸುತ್ತಿಸಿ ನಮ್ಮ ಮನೆಗೇ ತಂದು ನಿಲ್ಲಿಸಿತು. ಅದನ್ನೂ ಹೇಳುತ್ತೇನೆ. ಮೊದಲು ಪೋಲೆಂಡಿನಿಂದ ಶುರು ಮಾಡೋಣ.

*

1939ರ ಸೆಪ್ಟೆಂಬರ್ 1ಕ್ಕೆ ಜರ್ಮನಿ ಪಶ್ಚಿಮದಿಂದ ಪೋಲೆಂಡಿನ ಮೇಲೆ ಬಿತ್ತು. ಅದು ಎಲ್ಲರಿಗೂ ಗೊತ್ತಿರುವ ಕಥೆ. ಸೆಪ್ಟೆಂಬರ್ 17ಕ್ಕೆ ಸೋವಿಯತ್ ರಷ್ಯಾ ಪೂರ್ವದಿಂದ ನುಗ್ಗಿದ್ದು ಅಷ್ಟು ಜನರಿಗೆ ಗೊತ್ತಿರುವುದಿಲ್ಲ. 1940ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ ರಷ್ಯನ್ ಸಿಪಾಯಿಗಳು ರಾತ್ರೋರಾತ್ರಿ ಬಾಗಿಲು ಬಡಿದು, ಪೂರ್ವ ಪೋಲೆಂಡಿನ ಕುಟುಂಬಗಳನ್ನು ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿದರು. 1941ರ ಜೂನ್ ತನಕ ಹೀಗೆ ನಾಲ್ಕು ಸಲ. ಲಕ್ಷಾಂತರ ಜನ ಸೈಬೀರಿಯಾ, ಕಜಕಸ್ತಾನ, ಅರ್ಖಾಂಗೆಲ್ಸ್ಕ್‌ನ ಕಾಡುಗಳ ಪಾಲಾದರು. ಮರ ಕಡಿಯುವುದು, ಗದ್ದೆ ಕೆಲಸ, ಹಸಿವು, ಟೈಫಸ್. ಅನೇಕ ಮಕ್ಕಳ ಕಣ್ಣೆದುರೇ ಅಪ್ಪ ಅಮ್ಮ ಸತ್ತರು.

1941ರ ಜೂನ್‌ನಲ್ಲಿ ಹಿಟ್ಲರ್ ರಷ್ಯಾದ ಮೇಲೇ ದಾಳಿ ಮಾಡಿದ. ಲೆಕ್ಕಾಚಾರ ತಲೆಕೆಳಗಾಯಿತು. ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರಕ್ಕೂ ಮಾಸ್ಕೋಗೂ ಜುಲೈನಲ್ಲಿ ಒಪ್ಪಂದವಾಗಿ, ಗಡೀಪಾರಾದವರಿಗೆಲ್ಲ "ಕ್ಷಮಾದಾನ" ಸಿಕ್ಕಿತು. ಯಾವ ತಪ್ಪಿಗೆ ಕ್ಷಮೆಯೋ ದೇವರೇ ಬಲ್ಲ! ಜನರಲ್ ಆಂಡರ್ಸ್ ನೇತೃತ್ವದಲ್ಲಿ ಪೋಲಿಷ್ ಸೈನ್ಯ ಕಟ್ಟಲು ಅನುಮತಿಯೂ ಸಿಕ್ಕಿತು. ಸೈನ್ಯದ ಬಾಲ ಹಿಡಿದುಕೊಂಡು ಹೆಂಗಸರು ಮಕ್ಕಳೂ ದಕ್ಷಿಣಕ್ಕೆ ಹೊರಟರು. 1942ರಲ್ಲಿ ಎರಡು ಕಂತಿನಲ್ಲಿ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವಿ ಬಂದರಿಗೆ ಬಂದಿಳಿದವರು ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಸಾವಿರಾರು ಮಕ್ಕಳು, ಎಷ್ಟೋ ಮಂದಿ ಅನಾಥರು. ಇನ್ನೂ ಕೆಲವು ಮಕ್ಕಳು ಹಡಗಿಲ್ಲದೆ, ಅಶ್ಗಾಬಾದ್‌ನಿಂದ ಮಶಾದ್ ಮಾರ್ಗವಾಗಿ ಲಾರಿಗಳಲ್ಲೇ ಭಾರತಕ್ಕೆ ಬಂದರು.

ಆ ಮಕ್ಕಳನ್ನು ಯಾರು ಇಟ್ಟುಕೊಳ್ಳಬೇಕು? ಆಗ ಮುಂದೆ ಬಂದವರು ನವಾನಗರದ (ಈಗಿನ ಜಾಮ್‌ನಗರ) ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ. ಸಮುದ್ರ ತೀರದ ಬಾಲಾಚಡಿಯಲ್ಲಿ, ತಮ್ಮ ಬೇಸಿಗೆ ಅರಮನೆಯ ಹತ್ತಿರ, ಶಿಬಿರ ಕಟ್ಟಿಸಿ ನೂರಾರು ಮಕ್ಕಳಿಗೆ ಆಸರೆ ಕೊಟ್ಟರು. ಮಕ್ಕಳು ಅವರನ್ನು ಬಾಪು ಅನ್ನುತ್ತಿದ್ದರು. ಈಗ ವಾರ್ಸಾದಲ್ಲಿ ಅವರ ನೆನಪಿಗೆ "ಒಳ್ಳೆಯ ಮಹಾರಾಜ" ಅಂತ ಹೆಸರಿಟ್ಟ ಒಂದು ಚೌಕ ಇದೆ, ಅವರ ಹೆಸರಿನ ಶಾಲೆಯೂ ಇದೆ.

ಬಾಲಾಚಡಿ ಸಣ್ಣದು. ದೊಡ್ಡದು ಆಗಿದ್ದು ವಳಿವಡೆಯಲ್ಲಿ.

*

ವಳಿವಡೆ ಪಂಚಗಂಗಾ ನದಿಯ ಸೀಮೆ. ರೈಲ್ವೆ ಹಳಿ ಪಕ್ಕದಲ್ಲೇ. ಅಲ್ಲಿ ಉದ್ದುದ್ದ ಬ್ಯಾರಕ್ಕುಗಳು ಎದ್ದವು, ಮೇಲೆ ಹೆಂಚು. ಒಂದೊಂದು ಬ್ಯಾರಕ್ಕಿನಲ್ಲಿ ಸಾಲಾಗಿ ಹಲವು ಮನೆ. ಖರ್ಚು ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರದ್ದು. ಇರಾನಿನಿಂದ ಕರಾಚಿಗೆ ಹಡಗಿನಲ್ಲಿ ಬಂದವರು 1943ರಿಂದ ಇಲ್ಲಿ ತುಂಬಿಕೊಳ್ಳತೊಡಗಿದರು. ಒಂದು ಚರ್ಚು, ಒಂದು ಆಸ್ಪತ್ರೆ, ಅನಾಥ ಮಕ್ಕಳಿಗೆ ಬೇರೆ ಮನೆ, ನಾಟಕದ ರಂಗಮಂದಿರ, ಸ್ಕೌಟ್ ಪಡೆಗಳು...

ಮತ್ತು ಶಾಲೆಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಶಿಶುವಿಹಾರದಿಂದ ಹಿಡಿದು ಹೈಸ್ಕೂಲು, ಕಸುಬು ಕಲಿಸುವ ಶಾಲೆಯವರೆಗೆ ಎಲ್ಲ. ಪಠ್ಯಪುಸ್ತಕ ಸಾಕಷ್ಟಿಲ್ಲ. ಎರಡು ವರ್ಷ ಸೈಬೀರಿಯಾದಲ್ಲಿ ಅಕ್ಷರ ಕಾಣದ ಮಕ್ಕಳು, ಹತ್ತು ವರ್ಷದವರು ಒಂದನೇ ತರಗತಿಯಲ್ಲಿ ಕೂರಬೇಕಾದ ಪರಿಸ್ಥಿತಿ. ಆದರೂ ಟೀಚರುಗಳು ಬಿಡಲಿಲ್ಲ. ಆ ಬ್ಯಾರಕ್ಕುಗಳಲ್ಲೇ ಓದಿ ಹುಡುಗಿಯರು, ಹುಡುಗರು ಪೋಲಿಷ್ ಮೆಟ್ರಿಕ್ ಪರೀಕ್ಷೆ ಬರೆದರು. ಹತ್ತಿ, ಕಬ್ಬು, ಬೆಲ್ಲದ ಸೀಮೆಯಲ್ಲಿ ಕೂತು ಪೋಲೆಂಡಿನ ನದಿಗಳ ಹೆಸರು ಬಾಯಿಪಾಠ!

ಅಂದ ಹಾಗೆ, ಇಲ್ಲಿ ಒಂದು ಮೈಸೂರಿನ ಎಳೆಯೂ ಇದೆ. ವಾಂಡಾ ಡೈನೋವ್ಸ್ಕಾ ಅಂತ ಒಬ್ಬ ಪೋಲಿಷ್ ಮಹಿಳೆ, ಥಿಯಾಸಫಿಯ ಮೂಲಕ ಭಾರತಕ್ಕೆ ಬಂದು ಉಮಾದೇವಿ ಆದವರು. ಯುದ್ಧದ ಕಾಲದಲ್ಲಿ ಇಲ್ಲಿಗೆ ಬಂದ ತಮ್ಮ ದೇಶದ ನಿರಾಶ್ರಿತರ ನಡುವೆ ಓಡಾಡಿಕೊಂಡಿದ್ದರು. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಲು ಬಂದು ಸನ್ಯಾಸಿಯಾದ ವಾರ್ಸಾದ ಇಂಜಿನಿಯರ್ ಮಾರಿಸ್ ಫ್ರಿಡ್‌ಮನ್ ಜೊತೆ ಸೇರಿ, ಭಾರತದ ಗ್ರಂಥಗಳನ್ನು ಪೋಲಿಷ್‌ಗೆ ತರುವ ಪುಸ್ತಕಮಾಲೆಯನ್ನೂ ಶುರು ಮಾಡಿದರು. ಮುಂದೆ ಉಮಾದೇವಿ ಟಿಬೆಟಿನಿಂದ ಓಡಿಬಂದ ಮಕ್ಕಳ ಸೇವೆಗೆ ನಿಂತರು. 1971ರಲ್ಲಿ ತೀರಿಕೊಂಡಿದ್ದು ಮೈಸೂರಿನಲ್ಲಿ. ಒಂದು ಯುದ್ಧದ ಮಕ್ಕಳಿಂದ ಇನ್ನೊಂದು ಆಕ್ರಮಣದ ಮಕ್ಕಳ ತನಕ ಒಂದೇ ಜೀವ ನಡೆದ ದಾರಿ ನೋಡಿ.

ವಳಿವಡೆಯವರ ಕಥೆಗೆ ಸುಖಾಂತ್ಯವೇನಿಲ್ಲ. ಯುದ್ಧ ಮುಗಿದಾಗ ಅವರ ಊರುಗಳಿದ್ದ ಪೂರ್ವ ಪೋಲೆಂಡ್ ಸೋವಿಯತ್ ರಷ್ಯಾಕ್ಕೆ ಸೇರಿಹೋಗಿತ್ತು. 1945ರ ಜುಲೈನಲ್ಲಿ ಬ್ರಿಟನ್ ಲಂಡನ್ನಿನ ಪೋಲಿಷ್ ಸರ್ಕಾರದ ಮಾನ್ಯತೆಯನ್ನೂ ವಾಪಸ್ ತೆಗೆದುಕೊಂಡಿತು. ಮನೆಗೆ ಹೋಗೋಣ ಅಂದರೆ ಮನೆಯೇ ಬೇರೆ ದೇಶದಲ್ಲಿದೆ. 1948ರ ಹೊತ್ತಿಗೆ ಶಿಬಿರ ಖಾಲಿಯಾಯಿತು. ಕೆಲವರು ಪೋಲೆಂಡಿಗೆ, ಹೆಚ್ಚಿನವರು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕಾಗಳಿಗೆ ಚದುರಿದರು. ಅವರು ಬಿಟ್ಟುಹೋದ ಬ್ಯಾರಕ್ಕುಗಳಿಗೆ ಸಿಂಧಿನಿಂದ ಬಂದ ನಿರಾಶ್ರಿತರು ಸೇರಿಕೊಂಡರು. ಅದೇ ಗಾಂಧಿನಗರ.

*

ಇಷ್ಟೆಲ್ಲ ವಿವರ ನನಗೆ ಆನೆಕೊಂಡದಲ್ಲಿ ಕೂತಲ್ಲೇ ಹೇಗೆ ಸಿಕ್ಕಿತು ಹೇಳಿ? ಆ ಮಕ್ಕಳೇ ಬರೆದಿಟ್ಟಿದ್ದರಿಂದ.

ದೊಡ್ಡವರಾದ ಮೇಲೆ, ನಿವೃತ್ತಿಯ ವಯಸ್ಸಿಗೆ ಬಂದ ಮೇಲೆ, ಇಂಗ್ಲೆಂಡಿನಲ್ಲಿ ನೆಲೆಸಿದ್ದವರು "ಭಾರತದಲ್ಲಿದ್ದ ಪೋಲರು" ಅಂತ ಒಂದು ಸಂಘ ಕಟ್ಟಿಕೊಂಡರು. ಹಳೆಯ ಫೋಟೋ, ಸ್ಕೌಟ್ ಡೈರಿ, ಶಾಲೆಯ ಸರ್ಟಿಫಿಕೇಟು ಎಲ್ಲ ಒಟ್ಟುಹಾಕಿ, ಒಬ್ಬೊಬ್ಬರ ನೆನಪನ್ನೂ ಸೇರಿಸಿ ದಪ್ಪ ಪುಸ್ತಕ ತಂದರು, ಮೊದಲು ಪೋಲಿಷ್‌ನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ನಮ್ಮವರೇ ಆದ ಅನುರಾಧಾ ಭಟ್ಟಾಚಾರ್ಜಿ 2012ರಲ್ಲಿ "ದಿ ಸೆಕೆಂಡ್ ಹೋಮ್‌ಲ್ಯಾಂಡ್" ಅನ್ನುವ ಅಧ್ಯಯನ ಪ್ರಕಟಿಸಿದರು. ಮರುವರ್ಷ "ಎ ಲಿಟ್ಲ್ ಪೋಲೆಂಡ್ ಇನ್ ಇಂಡಿಯಾ" ಅನ್ನುವ ಸಾಕ್ಷ್ಯಚಿತ್ರ ಬಂತು. ಕೊಲ್ಲಾಪುರದ ಮಹಾವೀರ ಉದ್ಯಾನದಲ್ಲಿ ಸ್ಮಾರಕ ಇದೆ. 2019ರಲ್ಲಿ ವಳಿವಡೆಯಲ್ಲೂ ಒಂದು ಸ್ತಂಭ ನಿಂತಿತು. 2024ರ ಆಗಸ್ಟಿನಲ್ಲಿ ಪ್ರಧಾನಿ ಮೋದಿ ವಾರ್ಸಾಕ್ಕೆ ಹೋದಾಗ ಅಲ್ಲಿಯ ಕೊಲ್ಲಾಪುರ ಸ್ಮಾರಕಕ್ಕೂ ಹೂ ಇಟ್ಟರು.

ಇಂಗ್ಲೆಂಡಿನವರದ್ದೂ ಹೀಗೆಯೇ. 1939ರ ಸೆಪ್ಟೆಂಬರಿನ ಮೊದಲ ಮೂರು ದಿನಗಳಲ್ಲಿ ಲಂಡನ್ ಮತ್ತಿತರ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೆ ಸಾಗಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲಾ ಮಕ್ಕಳು, ಕೊರಳಲ್ಲಿ ಹೆಸರಿನ ಚೀಟಿ, ಹೆಗಲಲ್ಲಿ ಗ್ಯಾಸ್ ಮುಖವಾಡದ ಡಬ್ಬಿ. ಆ ಮಕ್ಕಳು ಮುದುಕರಾದ ಮೇಲೆ ಬಿಬಿಸಿ 2003ರಿಂದ 2006ರವರೆಗೆ ಯುದ್ಧಕಾಲದ ನೆನಪುಗಳನ್ನು ಸಾಮಾನ್ಯ ಜನರಿಂದಲೇ ಬರೆಸಿತು. 47,000 ಕಥೆಗಳು ಬಂದವು. ಯಾರೋ ಕೇಳಿದರು, ಜನ ಹೇಳಿದರು. ಅಷ್ಟೇ.

ಇದನ್ನೆಲ್ಲ ಓದಿ ಮುಗಿಸಿದಾಗ ಒಂದು ಪ್ರಶ್ನೆ ಎದ್ದು ನಿಂತಿತು. ನಮ್ಮ ಮಕ್ಕಳ ಕಥೆ ಎಲ್ಲಿ?

*

1942 ನಮ್ಮ ದೇಶದ ಮಕ್ಕಳನ್ನೂ ಸುಮ್ಮನೆ ಬಿಟ್ಟಿರಲಿಲ್ಲ. 1941ರ ಡಿಸೆಂಬರ್ 23ಕ್ಕೆ ಜಪಾನಿನ ವಿಮಾನಗಳು ರಂಗೂನಿನ ಮೇಲೆ ಬಾಂಬು ಹಾಕಿದವು. ಆ ಊರಿನಲ್ಲಿ ಆಗ ಬರ್ಮೀಯರಿಗಿಂತ ಭಾರತೀಯರೇ ಹೆಚ್ಚು. ಹಡಗಿನಲ್ಲಿ ಜಾಗ ಸಿಗದವರು ಅರಾಕಾನ್ ಬೆಟ್ಟ ದಾಟಿ ಚಿತ್ತಗಾಂಗಿಗೆ, ತಮು ಕಣಿವೆಯಿಂದ ಇಂಫಾಲಕ್ಕೆ, ಇನ್ನೂ ಉತ್ತರದಲ್ಲಿ ಹುಕಾಂಗ್ ಕಣಿವೆಯ ಕೆಸರಿನಲ್ಲಿ ಲೇಡೋ ಕಡೆಗೆ ನಡೆದರು. ಒಟ್ಟು ನಾಲ್ಕೈದು ಲಕ್ಷ ಜನ. ದಾರಿಯಲ್ಲಿ ಕಾಲರಾ, ಮಲೇರಿಯಾ, ಹಸಿವಿನಿಂದ ಸತ್ತವರು ಸಾವಿರಗಟ್ಟಲೆ, ಲೆಕ್ಕ ಇಟ್ಟವರಿಲ್ಲ. ಬಿಳಿಯರಿಗೊಂದು ದಾರಿ, ಕರಿಯರಿಗೊಂದು ದಾರಿ ಅನ್ನುವ ದೂರು ಆಗಲೇ ಎದ್ದಿತ್ತು. ಇತಿಹಾಸಕಾರ ಹ್ಯೂ ಟಿಂಕರ್ ಈ ಬಗ್ಗೆ 1975ರಲ್ಲಿ ಬರೆದ ಲೇಖನದ ಹೆಸರೇ "ಮರೆತುಹೋದ ದೀರ್ಘ ನಡಿಗೆ" ಅನ್ನುವ ಅರ್ಥದ್ದು. ಅಮ್ಮನ ಸೆರಗು ಹಿಡಿದು ನಡೆದ ಆ ಮಕ್ಕಳ ಹೆಸರಿನ ಪಟ್ಟಿ ಯಾವ ಸಂಘದಲ್ಲಿದೆ?

ಇನ್ನು ನಮಗೆ ಹತ್ತಿರದ್ದು ಮದರಾಸು. 1942ರ ಏಪ್ರಿಲ್ 5ಕ್ಕೆ ಕೊಲಂಬೋ ಮೇಲೆ ದಾಳಿ. ಮಾರನೆ ದಿನ ವಿಶಾಖಪಟ್ಟಣ, ಕಾಕಿನಾಡ. ಮದರಾಸು ಗಡಗಡ ನಡುಗಿತು. ಸರ್ಕಾರಿ ಕಚೇರಿಗಳು ಒಳನಾಡಿಗೆ ಹೊರಟವು. ಕೆಲಸವಿಲ್ಲದವರು ಊರು ಬಿಟ್ಟು ಹೋಗಿ ಅಂತ ಸರ್ಕಾರವೇ ಹೇಳಿತು. ಬಾಂಬು ಬಿದ್ದು ಬೋನು ಒಡೆದರೆ ಗತಿಯೇನು ಅಂತ ಮೃಗಾಲಯದ ಹುಲಿ ಸಿಂಹಗಳನ್ನು ಗುಂಡಿಟ್ಟು ಕೊಂದರು. ಲಕ್ಷಾಂತರ ಜನ ರೈಲು, ಬಸ್ಸು, ಎತ್ತಿನ ಗಾಡಿ, ಸಿಕ್ಕಿದ್ದನ್ನು ಹಿಡಿದು ಹೊರಟರು. ಬೆಂಗಳೂರು, ಮೈಸೂರು ಸೀಮೆಗೆ ಬಂದವರು ಎಷ್ಟೋ.

ಅವರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿ ಇದ್ದಳು. ನಮ್ಮ ಚಿಕ್ಕಜ್ಜಿ. ಅಂದರೆ ನಮ್ಮ ಅಜ್ಜಿಯ ತಂಗಿ.

*

ಅವಳ ಅಪ್ಪ ಮದರಾಸಿನ ಒಂದು ಹತ್ತಿ ಮಂಡಿಯಲ್ಲಿ ಗುಮಾಸ್ತ. ಇದು ನಮಗೆಲ್ಲ ಗೊತ್ತಿತ್ತು. ಅಕ್ಕಿ ಅಳೆಯುವಾಗ ಚಿಕ್ಕಜ್ಜಿ "ಒಣ್ಣು, ರೆಂಡು, ಮೂಣು" ಅಂತ ತಮಿಳಿನಲ್ಲಿ ಎಣಿಸುತ್ತಿದ್ದುದು ಮನೆಯ ಮಕ್ಕಳಿಗೆಲ್ಲ ಒಂದು ತಮಾಷೆ. ವಳಿವಡೆಯ ಪುಸ್ತಕ ಓದಿದ ಮೇಲೆ ಒಂದು ಮಧ್ಯಾಹ್ನ ಅವಳ ಹತ್ತಿರ ಕೂತು ಕೇಳಿದೆ. "ಚಿಕ್ಕಜ್ಜಿ, ಯುದ್ಧದಾಗೆ ಮದ್ರಾಸ್ ಬಿಟ್ಟು ಬಂದಿದ್ದು ಹೇಳು."

"ಏನೈತೆ ಹೇಳಾಕೆ? ಬಂದ್ವಿ. ಇದ್ವಿ."

ಎರಡೇ ಪದ. ಎಂಬತ್ತು ಚಿಲ್ಲರೆ ವರ್ಷಕ್ಕೆ ಎರಡು ಪದ.

ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆ. ರೈಲಿನಲ್ಲಿ ಏನು ತಿಂದಿರಿ? ಗಂಟಿನಲ್ಲಿ ಏನಿತ್ತು? ಮನೆ ಬೀಗ ಯಾರು ಹಾಕಿದರು? ಆಗ ಶುರುವಾಯಿತು ನೋಡಿ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದು. ಸ್ಟೇಷನ್ನಿನಲ್ಲಿ ನೂಕುನುಗ್ಗಲಿಗೆ ಅವಳನ್ನೂ ತಮ್ಮನನ್ನೂ ಕಿಟಕಿಯಿಂದ ಒಳಗೆ ತೂರಿಸಿದ್ದು. ಬೆಂಗಳೂರಿನಲ್ಲಿ ಇಳಿದು ಮೀಟರ್ ಗೇಜ್ ಗಾಡಿಗೆ ಕಾಯುತ್ತಾ ಪ್ಲಾಟ್‌ಫಾರಮ್ಮಿನಲ್ಲೇ ಎರಡು ರಾತ್ರಿ. ಅವ್ವ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಅವಲಕ್ಕಿ ಮುಗಿದದ್ದು. ಹರಿಹರದಲ್ಲಿ ಇಳಿದಾಗ ಹೊಳೆ ಕಂಡು, ಇದೇ ಸಮುದ್ರ ಅಂದುಕೊಂಡು ತಮ್ಮ "ಇಲ್ಲಿಗೂ ಜಪಾನಿನವರು ಬರ್ತಾರಾ" ಅಂತ ಅತ್ತಿದ್ದು. ಅಜ್ಜನ ಮನೆಯಲ್ಲಿ ಆಗಲೇ ಹದಿನಾಲ್ಕು ಜನ, ಇವರೂ ಸೇರಿ ಹದಿನೆಂಟು.

"ಮತ್ತೆ ಇಸ್ಕೂಲು?" ಅಂದೆ.

ಚಿಕ್ಕಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಲ್ಲಿ ಮೂರನೇ ಕ್ಲಾಸ್ ಓದ್ತಿದ್ದೆ. ಇಸ್ಕೂಲ್ ತಪ್ತು ಅಂತ ಖುಷಿ ಆಗಿತ್ತು ನೋಡು, ಹುಡುಗಾಟ. ಇಲ್ಲಿಗೆ ಬಂದ್ಮೇಲೆ ತಮ್ಮನ್ನ ಸೇರಿಸಿದ್ರು. ನನ್ನ ಯಾರೂ ಕೇಳಲಿಲ್ಲ. ಮಂದಿ ಜಾಸ್ತಿ, ನೀರು ತರಾಕೆ ಆಳು ಬೇಕಿತ್ತು. ಮುಂದಿನ ವರ್ಷ ಅಂದ್ರು. ಆಮೇಲೆ ವಾಪಸ್ ಹೋಗ್ತೀವಲ್ಲ, ಅಲ್ಲೇ ಸೇರಿಸಣ ಅಂದ್ರು. ಅಪ್ಪ ಒಬ್ನೇ ಹೋದ. ನಾವು ಹೋಗ್ಲೇ ಇಲ್ಲ."

ತಮ್ಮ ಮುಂದೆ ಓದಿ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತನಾದ. ಚಿಕ್ಕಜ್ಜಿಗೆ ಹದಿನಾಲ್ಕಕ್ಕೆ ಮದುವೆ. ಇವತ್ತಿಗೂ ಪೇಪರಿನ ದಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಸಣ್ಣಕ್ಷರಕ್ಕೆ ಹೋಗುವುದಿಲ್ಲ.

ಕೊನೆಗೆ ಕೇಳಿದಳು, "ಇದನ್ನೆಲ್ಲ ಯಾಕೋ ಬರ್ಕೊಳ್ತಿ ತಮ್ಮಾ? ಬಾಂಬು ನಮ್ಮ ಮೇಲೆ ಬೀಳಲಿಲ್ಲಲ್ಲ."

*

ಆ ಮಾತಿಗೆ ಅವತ್ತು ಏನೂ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ಹೌದು, ಬಾಂಬು ಅವಳ ಮೇಲೆ ಬೀಳಲಿಲ್ಲ. ಸೈಬೀರಿಯಾ ಕಂಡು ಬಂದ ಮಕ್ಕಳ ಕಷ್ಟದ ಪಕ್ಕ ಅವಳ ಕಷ್ಟ ಇಟ್ಟು ತೂಗುವುದೂ ಸರಿಯಲ್ಲ. ಅವರು ಅಪ್ಪ ಅಮ್ಮನನ್ನು ಹೂತು ಬಂದವರು. ಇವಳು ಅಜ್ಜನ ಮನೆಗೆ ಬಂದವಳು. ಆದರೂ ಒಂದು ವಿಷಯ ನನ್ನನ್ನು ಕೊರೆಯುತ್ತದೆ. ಎಲ್ಲವನ್ನೂ ಕಳೆದುಕೊಂಡು ವಳಿವಡೆಗೆ ಬಂದ ಹತ್ತು ವರ್ಷದ ಹುಡುಗಿಗೆ ಯಾರೋ ಹಟ ಹಿಡಿದು ಸ್ಲೇಟು ಕೊಟ್ಟರು. ಊರು ಕೇರಿ ಸಂಬಂಧಿಕರು ಎಲ್ಲ ಇದ್ದ ನಮ್ಮ ಹುಡುಗಿಯ ಕೈಗೆ ಕೊಡ ಕೊಟ್ಟರು. ಯಾರೂ ಕೆಟ್ಟವರಲ್ಲ. ಹದಿನೆಂಟು ಜನರ ಮನೆಯಲ್ಲಿ ಅದು ಯಾರಿಗೂ ಅನ್ಯಾಯ ಅಂತಲೂ ಕಾಣಲಿಲ್ಲ.

ವಳಿವಡೆಯವಳು ಬರೆಯಲು ಕಲಿತಳು, ಅದಕ್ಕೇ ಅವಳ ಕಥೆ ಪುಸ್ತಕವಾಯಿತು. ನಮ್ಮವಳು ಕಲಿಯಲಿಲ್ಲ, ಅದಕ್ಕೇ ಅವಳ ಕಥೆ "ಬಂದ್ವಿ, ಇದ್ವಿ" ಆಯಿತು. ಯುದ್ಧ ಅವಳಿಂದ ಕಿತ್ತುಕೊಂಡಿದ್ದು ಶಾಲೆ. ಆ ನಷ್ಟವನ್ನು ಹೇಳಿಕೊಳ್ಳುವ ಸಾಧನವೂ ಅದರ ಜೊತೆಗೇ ಹೋಯಿತು.

ನಮ್ಮಲ್ಲಿ ಶಿಬಿರ ಇರಲಿಲ್ಲ. ಅದು ನಮ್ಮ ದೊಡ್ಡತನವೂ ಹೌದು. ಬಂದವರನ್ನು ಬ್ಯಾರಕ್ಕಿಗೆ ಹಾಕದೆ ಅಜ್ಜಿ ಮನೆ, ದೊಡ್ಡಪ್ಪನ ಮನೆ, ಅತ್ತೆ ಮನೆಗಳು ನುಂಗಿಕೊಂಡವು. ಆದರೆ ಶಿಬಿರಕ್ಕೆ ರಿಜಿಸ್ಟರ್ ಇರುತ್ತದೆ, ಫೋಟೋ ಇರುತ್ತದೆ, ಎಂಬತ್ತು ವರ್ಷದ ಮೇಲೆ ಸ್ತಂಭ ನಿಲ್ಲಿಸಲು ಒಂದು ಜಾಗವೂ ಇರುತ್ತದೆ. ಅಡುಗೆಮನೆಗೆ ಅದ್ಯಾವುದೂ ಇಲ್ಲ. ಹಾಗಾಗಿ ನಮ್ಮ ಈ ಚರಿತ್ರೆಗೆ ಇರುವ ಒಂದೇ ದಫ್ತರ ಅಂದರೆ ತೊಂಬತ್ತು ದಾಟಿದ ಕೆಲವು ತಲೆಗಳು. ಅದೂ ದಿನದಿನಕ್ಕೆ ಮುಚ್ಚುತ್ತಿದೆ.

ಇಲ್ಲಿ ಓದುತ್ತಿರುವ ನೀವೆಲ್ಲ ಬರೆಯುವವರೇ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಬರ್ಮಾದಿಂದ ನಡೆದು ಬಂದವರು, ಮದರಾಸು ಬಿಟ್ಟವರು, ಇಲ್ಲವೇ ಅಂಥವರನ್ನು ಮನೆಯಲ್ಲಿ ಇಟ್ಟುಕೊಂಡ ನೆನಪಿರುವವರು ಇರಬಹುದು. ಹೋಗಿ ಕೂತುಕೊಳ್ಳಿ. ಯುದ್ಧದ ಬಗ್ಗೆ ಕೇಳಬೇಡಿ, ಅವರಿಗೆ ಅದು ದೊಡ್ಡವರ ವಿಷಯ. ಗಂಟಿನಲ್ಲಿ ಏನಿತ್ತು ಅಂತ ಕೇಳಿ. ಯಾವ ಆಟದ ಸಾಮಾನು ಬಿಟ್ಟು ಬಂದಿರಿ, ಹೊಸ ಮನೆಯಲ್ಲಿ ಎಲ್ಲಿ ಮಲಗುತ್ತಿದ್ದಿರಿ, ಅಲ್ಲಿಯ ಮಕ್ಕಳು ಏನಂತ ಅಡ್ಡಹೆಸರಿಟ್ಟು ಕರೆಯುತ್ತಿದ್ದರು ಅಂತ ಕೇಳಿ. ಕೊನೆಯಲ್ಲಿ, ಮತ್ತೆ ಶಾಲೆಗೆ ಹೋದಿರಾ ಅಂತ ತಪ್ಪದೆ ಕೇಳಿ. ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ, ತಿದ್ದಲು ಹೋಗಬೇಡಿ. ಇಸವಿ ತಪ್ಪಾಗಿದ್ದರೆ ಪಕ್ಕದಲ್ಲಿ ಸರಿ ಇಸವಿ ಬರೆದುಕೊಂಡರಾಯಿತು.

ನಾನು ಚಿಕ್ಕಜ್ಜಿಯ ಮಾತುಗಳನ್ನು ಕಂಪ್ಯೂಟರಿನಲ್ಲಿ ಟೈಪಿಸಿ, ಅಕ್ಷರ ದೊಡ್ಡದು ಮಾಡಿ, ಪ್ರಿಂಟ್ ತೆಗೆಸಿ ಅವಳ ಕೈಗೆ ಕೊಟ್ಟೆ. ಒಟ್ಟು ಹನ್ನೊಂದು ಪುಟ. ದಿನಕ್ಕೆ ಅರ್ಧ ಪುಟ ಓದುತ್ತಿದ್ದಾಳೆ. ನಿನ್ನೆ ಕರೆದು, "ಇಲ್ಲಿ ತಪ್ಪಾಗೈತೆ. ಅವಲಕ್ಕಿ ಅಲ್ಲ, ಮಂಡಕ್ಕಿ" ಅಂದಳು.

ತಿದ್ದಿದ್ದೇನೆ.